ಮೊಳೆಗೆ ನೇತುಹಾಕಿದ ಮಾತ್ರೆ ಕವರ್

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಒಂದು ಮೊಳೆ ಇದೆ. ಅದಕ್ಕೊಂದು ಪ್ಲಾಸ್ಟಿಕ್ ಕವರ್ ಸದಾ ನೇತಾಡುತ್ತಿರುತ್ತದೆ. ಅದರೊಳಗೆ ಅಮ್ಮನ ಮಾತ್ರೆಗಳು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಮೊಳೆಯ ಬದಲು ಕಿಟಕಿ ಇರಬಹುದು, ಟಿವಿ ಸ್ಟ್ಯಾಂಡು ಇರಬಹುದು, ದೇವರ ಗೂಡಿನ ಕೆಳಗಿನ ಹಳೇ ಬಿಸ್ಕತ್ ಡಬ್ಬಿ ಇರಬಹುದು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಮ್ಮ ಹಸುವಿಗೆ ಮೇವು ಹಾಕಲು ಹೋದವಳು ತಲೆ ಸುತ್ತಿ ಕೊಟ್ಟಿಗೆಯಲ್ಲೇ ಕೂತುಬಿಟ್ಟಳು. ಹತ್ತಿರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಡುವಾಗ ಏನೋ ಹೊಳೆದು ಮೊಳೆಯ ಮೇಲಿದ್ದ ಕವರನ್ನೂ ಬೈಕಿನ ಬ್ಯಾಗಿಗೆ ಹಾಕಿಕೊಂಡಿದ್ದೆ. ಡಾಕ್ಟರು ಬಿಪಿ ನೋಡಿದರು. ತುಂಬಾ ಕಡಿಮೆ ಇತ್ತು. ಆಮೇಲೆ ಕವರನ್ನು ಮೇಜಿನ ಮೇಲೆ ಸುರಿದು ಎರಡು ಶೀಟು ಎತ್ತಿ ತೋರಿಸಿದರು. ಒಂದು ನೀಲಿ, ಇನ್ನೊಂದು ಬೆಳ್ಳಿ ಬಣ್ಣ. ಹೆಸರು ಬೇರೆ, ಕಂಪನಿ ಬೇರೆ. ಹಿಂಭಾಗದ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಇದ್ದದ್ದು ಒಂದೇ: ಅಮ್ಲೋಡಿಪಿನ್. ಅಮ್ಮ ದಿನಾ ಎರಡನ್ನೂ ನುಂಗುತ್ತಿದ್ದಳು.

"ಯಾಕಮ್ಮ ಎರಡೂ ತಗೊಂಡೆ?"

"ಹಳೇದು ಇನ್ನೂ ಉಳಿದಿತ್ತಲ್ಲ ಕಣೋ. ದುಡ್ಡು ಕೊಟ್ಟು ತಂದಿದ್ದು, ದಂಡ ಮಾಡೋದ್ಯಾಕೆ ಅಂತ."

ಮೂರು ತಿಂಗಳ ಹಿಂದೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಹೊಸ ಚೀಟಿ ಬರೆದುಕೊಟ್ಟಿದ್ದರು. ಹಳೇದು ಬಿಡಿ ಅಂತ ಅಲ್ಲಿ ಹೇಳಲಿಲ್ಲವೋ, ಹೇಳಿದ್ದು ಆ ಗದ್ದಲದಲ್ಲಿ ಅಮ್ಮನಿಗೆ ಕೇಳಿಸಲಿಲ್ಲವೋ ತಿಳಿಯದು. ಆದರೆ ಆ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದವನು ನಾನೇ. ಡಿಪ್ಲೊಮಾ ಓದಿದವನು, ಪತ್ರಿಕೆಗೆ ಸುದ್ದಿ ಬರೆಯುವವನು. ಹಿಂಭಾಗದ ಅಕ್ಷರ ನಾನೂ ಓದಲಿಲ್ಲ.

ಅವತ್ತು ರಾತ್ರಿ ಕವರಿನಲ್ಲಿದ್ದದ್ದನ್ನೆಲ್ಲ ಚಾಪೆಯ ಮೇಲೆ ಹರಡಿ ಎಣಿಸಿದೆ. ಹದಿನಾಲ್ಕು ಬಗೆ, 126 ಮಾತ್ರೆ. ಅಮ್ಮನಿಗೆ ಈಗ ಬೇಕಾಗಿದ್ದು ಮೂರೇ ಬಗೆ. ಮಿಕ್ಕಿದ್ದೆಲ್ಲ ಯಾಕೆ ಉಳಿಯಿತು, ಮೊದಲೂ ಹೀಗೇ ಉಳಿಯುತ್ತಿತ್ತಾ ಎಂಬ ಪ್ರಶ್ನೆ ತಲೆಯಲ್ಲಿ ಕೂತಿತು. ಅದರ ಬೆನ್ನು ಹತ್ತಿ ಓದಿದ್ದು, ಕೇಳಿದ್ದು ಇಲ್ಲಿದೆ.

ಬಾಟಲಿ ಹಿಡಿದು ಹೋಗುತ್ತಿದ್ದ ಕಾಲ

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಆಸ್ಪತ್ರೆಗೆ ಹೋಗುವಾಗ ಮನೆಯಿಂದ ಖಾಲಿ ಬಾಟಲಿ ತೆಗೆದುಕೊಂಡು ಹೋಗಬೇಕಿತ್ತು. ಡಾಕ್ಟರು ನಾಡಿ ಹಿಡಿದು, ನಾಲಗೆ ನೋಡಿ ಚೀಟಿ ಬರೆದರೆ ಕಿಟಕಿಯ ಆಚೆ ಕೂತ ಕಾಂಪೌಂಡರ್ ದೊಡ್ಡ ಜಾಡಿಗಳಿಂದ ಸುರಿದು ಬೆರೆಸಿ ಕೊಡುತ್ತಿದ್ದರು. ಅದೇ ಮಿಕ್ಸ್ಚರ್. ಹೊಟ್ಟೆಗೊಂದು, ಕೆಮ್ಮಿಗೊಂದು, ಜ್ವರಕ್ಕೊಂದು. ಬಾಟಲಿಯ ಬದಿಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಕತ್ತರಿಯಿಂದ ಕಚ್ಚು ಮಾಡಿದ ಪಟ್ಟಿ ಅದು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. ಓದು ಬರಹ ಬಾರದವರಿಗೂ ಅದು ಅರ್ಥವಾಗುತ್ತಿತ್ತು.

ಆ ಬಾಟಲಿಯಲ್ಲಿ ಹೆಚ್ಚು ಉಳಿಯುತ್ತಿರಲಿಲ್ಲ. ಎರಡು ಮೂರು ದಿನಕ್ಕೆ ಆಗುವಷ್ಟೇ ಕೊಡುತ್ತಿದ್ದರು. ಬಹಳ ದಿನ ಇಟ್ಟರೆ ಕೆಡುವ ಔಷಧ ಅದು. ವಾಸಿಯಾಗದಿದ್ದರೆ ಮತ್ತೆ ಅದೇ ಬಾಟಲಿ ತೊಳೆದುಕೊಂಡು ಹೋಗಬೇಕು. ಹೋದಾಗ ಮತ್ತೆ ಡಾಕ್ಟರು ನೋಡುತ್ತಿದ್ದರು.

ಹಾಗಂತ ಅದನ್ನು ಚಿನ್ನದ ಕಾಲ ಅಂತ ಹೊಗಳುವಂತಿಲ್ಲ. ಆ ಮಿಕ್ಸ್ಚರುಗಳಲ್ಲಿ ಎಷ್ಟೋ ರೋಗದ ಬುಡಕ್ಕೆ ತಾಗುವಂಥವಾಗಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ಔಷಧದಲ್ಲಿ ಕಲಬೆರಕೆಯೂ ಇತ್ತು. ಇದನ್ನು ವಿಚಾರಿಸಲು ಬ್ರಿಟಿಷ್ ಸರ್ಕಾರ 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅದರ ಫಲವಾಗಿ 1940ರಲ್ಲಿ ಔಷಧ ಕಾಯ್ದೆ ಬಂತು, 1945ರಲ್ಲಿ ಅದರ ನಿಯಮಗಳು ಬಂದವು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧ ಯಾವುದು, ಲೇಬಲ್ಲಿನ ಮೇಲೆ ಏನೇನು ಇರಬೇಕು, ಯಾವ ಔಷಧ ಎಷ್ಟು ಕಾಲ ಬಾಳುತ್ತದೆ ಎಂಬುದೆಲ್ಲ ಇವತ್ತಿಗೂ ಆ ಕಾಯ್ದೆ, ಆ ನಿಯಮಗಳಡಿಯಲ್ಲೇ ನಡೆಯುತ್ತಿದೆ.

ಆಮೇಲೆ ಕಾರ್ಖಾನೆಯ ಮಾತ್ರೆ ಬಂತು, ಶೀಟು ಬಂತು. ಧೂಳು ತಾಗುವುದಿಲ್ಲ, ತೇವ ತಾಗುವುದಿಲ್ಲ, ವರ್ಷಗಟ್ಟಲೆ ಇಡಬಹುದು. ಒಳ್ಳೆಯದೇ ಆಯಿತು. ಆದರೆ ಕಾಗದದ ಕಚ್ಚು ಹೋಯಿತು. ಐದು ದಿನಕ್ಕೆ ಹತ್ತು ಮಾತ್ರೆ ಬೇಕಿದ್ದರೂ ಹದಿನೈದರ ಶೀಟು ಮನೆಗೆ ಬರತೊಡಗಿತು. ಅಂಗಡಿಯವರು ಕತ್ತರಿಸಿ ಕೊಟ್ಟರೆ ಇನ್ನೊಂದು ತೊಂದರೆ: ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಅಚ್ಚಾಗಿರುವುದು ಸಾಮಾನ್ಯವಾಗಿ ಶೀಟಿನ ಒಂದು ತುದಿಯಲ್ಲಿ. ಇನ್ನೊಂದು ತುದಿಯ ತುಂಡು ಮನೆಗೆ ಬಂದರೆ ಅದಕ್ಕೆ ದಿನಾಂಕವೇ ಇಲ್ಲ. ಅಮ್ಮನ ಕವರಿನಲ್ಲಿ ಅಂಥ ಆರು ತುಂಡು ಸಿಕ್ಕವು. ಯಾವ ವರ್ಷದ್ದೋ ದೇವರೇ ಬಲ್ಲ.

ಮದ್ರಾಸಿನಲ್ಲಿ ಮಾತ್ರೆ ಎಣಿಸಿದವರು

ಬಾಟಲಿ ಹೋಗಿ ಮಾತ್ರೆ ಬಂದ ಕಾಲದಲ್ಲೇ, ರೋಗಿಯ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸಿದ ಕೆಲವರಿದ್ದರು. ಅವರು ಕೆಲಸ ಮಾಡಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, ಕ್ಷಯರೋಗದ ಮೇಲೆ.

1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನೆಗೆ ಒಂದು ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಮಾಡಿದ್ದು. ಆಗ ಕ್ಷಯ ಬಂತೆಂದರೆ ಸ್ಯಾನಿಟೋರಿಯಂಗೆ ಸೇರಿಸಬೇಕು, ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ ಬೇಕು ಎಂಬ ನಂಬಿಕೆ ಇತ್ತು. ಬಡವರಿಗೆ ಅಷ್ಟು ಹಾಸಿಗೆ ಎಲ್ಲಿತ್ತು? ಆದ್ದರಿಂದ ಕೇಂದ್ರದವರು ಒಂದು ಪ್ರಯೋಗ ಮಾಡಿದರು. ಮದ್ರಾಸಿನ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲಿ ಇಟ್ಟರು, ಉಳಿದವರಿಗೆ ಅದೇ ಮಾತ್ರೆ ಕೊಟ್ಟು ಮನೆಯಲ್ಲೇ ಇರಲು ಬಿಟ್ಟರು. ಒಂದು ವರ್ಷದ ಚಿಕಿತ್ಸೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಕ್ಕಟ್ಟಾದ ಮನೆಯಲ್ಲಿ, ಕಡಿಮೆ ಊಟ ಮಾಡಿಕೊಂಡು, ಕೆಲಸವನ್ನೂ ಮಾಡಿಕೊಂಡು ಮಾತ್ರೆ ತೆಗೆದುಕೊಂಡವರೂ ಹೆಚ್ಚೂಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾಗಿದ್ದರು. ಪ್ರಪಂಚದ ಕ್ಷಯ ಚಿಕಿತ್ಸೆಯ ದಾರಿಯನ್ನೇ ಅದು ಬದಲಿಸಿತು.

ಆದರೆ ಮನೆಯಲ್ಲಿ ಚಿಕಿತ್ಸೆ ಎಂದರೆ ಒಂದು ಪ್ರಶ್ನೆ ಏಳುತ್ತದೆ. ಕೊಟ್ಟ ಮಾತ್ರೆ ನುಂಗುತ್ತಿದ್ದಾರಾ? ಕೇಂದ್ರದಲ್ಲಿದ್ದ ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ಈ ಪ್ರಶ್ನೆಯ ಬೆನ್ನು ಬಿದ್ದರು. ಸಿಬ್ಬಂದಿ ಮುಂಚೆ ಹೇಳದೆ ರೋಗಿಯ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು. ಎಣಿಕೆ ಸರಿ ಬಂದ ಮಾತ್ರಕ್ಕೆ ನುಂಗಿದ್ದಾರೆ ಅಂತಲ್ಲ, ಎಸೆದಿರಲೂಬಹುದು. ಹಾಗಾಗಿ ಮೂತ್ರ ಪರೀಕ್ಷೆಯನ್ನೂ ಮಾಡುತ್ತಿದ್ದರು. ನುಂಗಿದ್ದರೆ ಔಷಧದ ಗುರುತು ಅದರಲ್ಲಿ ಸಿಗುತ್ತದೆ.

ಬಹಳ ಜನ ತಪ್ಪಿಸುತ್ತಿದ್ದರು. ಆ ಔಷಧಗಳಲ್ಲಿ ಪಿಎಎಸ್ ಅನ್ನುವುದೊಂದಿತ್ತು. ದಿನಕ್ಕೆ ಹಲವು ಗ್ರಾಂ ನುಂಗಬೇಕು, ಹೊಟ್ಟೆ ತೊಳಸುತ್ತಿತ್ತು. ಜೊತೆಗೆ, ಎರಡು ಮೂರು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡರೆ ಇನ್ನೂ ಯಾಕೆ ಮಾತ್ರೆ ಅನ್ನಿಸುತ್ತಿತ್ತು. ಓದಿದವರು, ಓದದವರು ಎಂಬ ಭೇದ ಇದರಲ್ಲಿ ನಡೆಯುವುದಿಲ್ಲ. ಎಲ್ಲ ದೇಶದಲ್ಲೂ, ಎಲ್ಲ ಬಗೆಯ ಜನರಲ್ಲೂ ಇದು ಕಂಡುಬಂದಿದೆ.

ಮದ್ರಾಸಿನವರು ಮುಂದೆ ಮಾಡಿದ್ದು ಮೆಚ್ಚುವ ಕೆಲಸ. ರೋಗಿಯನ್ನು ಬೈಯುತ್ತಾ ಕೂರದೆ ಚಿಕಿತ್ಸೆಯನ್ನೇ ಬದಲಿಸಿ ನೋಡಿದರು. ದಿನಾ ನುಂಗುವುದು ಕಷ್ಟವಾದರೆ ವಾರಕ್ಕೆ ಎರಡು ಸಲ ಬರಲಿ, ನಮ್ಮ ಎದುರಿಗೇ ತೆಗೆದುಕೊಳ್ಳಲಿ ಎಂದು 1960ರ ದಶಕದ ಶುರುವಿನಲ್ಲಿ ಪ್ರಯೋಗ ಮಾಡಿದರು. ಅದು ಫಲ ಕೊಟ್ಟಿತು. ಮುಂದೆ ದೇಶಕ್ಕೆಲ್ಲ ಬಂದ 'ಡಾಟ್ಸ್' ಪದ್ಧತಿಯ ಬೇರು ಅಲ್ಲಿದೆ.

ನಮ್ಮ ತುಮಕೂರಿನ ಕೆಮ್ಮಿನ ಬಾಟಲಿ

ಅದೇ ಹೊತ್ತಿಗೆ, 1959ರಲ್ಲಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮದ್ರಾಸಿನಲ್ಲಿ ಸಿಕ್ಕ ಪಾಠವನ್ನು ಹಳ್ಳಿಗಳಿಗೆ ಮುಟ್ಟಿಸುವ ದಾರಿ ಹುಡುಕುವುದು ಅದರ ಕೆಲಸ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ನಮ್ಮದೇ ಜಿಲ್ಲೆ.

ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ದೊಡ್ಡವರು ಆಗ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ. ಇವರು ಕ್ಷಯ ಇದ್ದವರ ಮನೆಗೇ ಹೋಗಿ ಕೇಳಿದರು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೋ ಡಾಕ್ಟರ ಹತ್ತಿರವೋ ಹೋಗಿ ಬಂದಿದ್ದರು. ಹೋದವರಿಗೆ ಅಲ್ಲಿ ಸಿಗುತ್ತಿದ್ದದ್ದು ಏನು? ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಮಿಕ್ಸ್ಚರ್. ಕಫ ಪರೀಕ್ಷೆ ಇಲ್ಲ, ವಿಚಾರಣೆ ಇಲ್ಲ.

ಒಂದು ಸಲ ಯೋಚಿಸಿ. ಮೈಲಿಗಟ್ಟಲೆ ನಡೆದು, ಒಂದು ದಿನದ ಕೂಲಿ ಬಿಟ್ಟು ಹೋದವರ ಕೈಗೆ ಕ್ಷಯಕ್ಕೆ ಏನೂ ಮಾಡದ ಸಿಹಿ ನೀರು. ಆ ಬಾಟಲಿಯನ್ನು ಪೂರ್ತಿ ಕುಡಿದಿದ್ದರೂ ದಂಡವೇ. ಔಷಧ ಪೋಲಾಗುವುದು ಉಳಿದಾಗ ಮಾತ್ರ ಅಲ್ಲ, ಬೇಡದ್ದನ್ನು ಕೊಟ್ಟ ಗಳಿಗೆಯಲ್ಲೇ ಅದು ಪೋಲಾಗಿರುತ್ತದೆ ಎಂದು ನಮ್ಮ ಜಿಲ್ಲೆಯ ಹಿರಿಯರು ಅರವತ್ತು ವರ್ಷದ ಹಿಂದೆಯೇ ತಮ್ಮ ಮೈಮೇಲೆ ಕಂಡಿದ್ದರು.

ಈ ಅಧ್ಯಯನಗಳ ಬಲದ ಮೇಲೆ 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ಕೆಲಸ ಮಾಡುವಂತೆ ರೂಪುಗೊಂಡಿತು. 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಬಂದಾಗ ಇನ್ನೊಂದು ಒಳ್ಳೆ ಪದ್ಧತಿ ಬಂತು. ಚಿಕಿತ್ಸೆ ಶುರುವಾದ ದಿನವೇ ಆ ರೋಗಿಯ ಹೆಸರಿನಲ್ಲಿ ಒಂದು ಡಬ್ಬಿ. ಪೂರ್ತಿ ಚಿಕಿತ್ಸೆಯ ಮಾತ್ರೆ ಅದರಲ್ಲಿ. ಬೇರೆಯವರಿಗೆ ಅದನ್ನು ಕೊಡುವಂತಿಲ್ಲ, ಮಧ್ಯದಲ್ಲಿ ಔಷಧ ಖಾಲಿ ಎನ್ನುವಂತಿಲ್ಲ. ಆ ಡಬ್ಬಿಯಲ್ಲಿ ಮಾತ್ರೆ ಉಳಿದರೆ ರೋಗಿ ಬಂದಿಲ್ಲ ಎಂದು ಗೊತ್ತಾಗುತ್ತಿತ್ತು, ಮನೆಗೆ ಹೋಗಿ ವಿಚಾರಿಸಬೇಕಿತ್ತು.

2017ರಿಂದ ದಿನಾ ಮಾತ್ರೆ ಪದ್ಧತಿ ಬಂತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ರೂಪಿಸಿದ '99 ಡಾಟ್ಸ್' ಎಂಬ ಉಪಾಯವನ್ನೂ ಕಾರ್ಯಕ್ರಮ ಬಳಸಿತು. ಮಾತ್ರೆ ಒತ್ತಿ ತೆಗೆದರೆ ಹಿಂದೆ ಒಂದು ಫೋನ್ ನಂಬರ್ ಕಾಣುತ್ತದೆ. ಅದಕ್ಕೊಂದು ಉಚಿತ ಕರೆ ಮಾಡಿದರೆ ಅವತ್ತಿನ ಮಾತ್ರೆ ಆಯಿತು ಎಂದು ಲೆಕ್ಕ. ಆದರೆ ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ಮತ್ತೆ ಅದೇ ಹಳೇ ಮೂತ್ರ ಪರೀಕ್ಷೆ ಮಾಡಿ ತಾಳೆ ನೋಡಿದಾಗ ಫೋನಿನ ಲೆಕ್ಕವೂ ನುಂಗಿದ ಲೆಕ್ಕವೂ ಎಷ್ಟೋ ಕಡೆ ಹೊಂದಲಿಲ್ಲ. ಯಂತ್ರ ಎಣಿಸಬಹುದು. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಲು ಇನ್ನೊಬ್ಬ ಮನುಷ್ಯನೇ ಬೇಕು.

ಇಂಗ್ಲೆಂಡಿನ ಮೂವತ್ತು ಕೋಟಿ

ಇದೆಲ್ಲ ಬಡ ದೇಶದ ಕಥೆ ಎಂದುಕೊಳ್ಳಬೇಡಿ. ಉಳಿದ ಮಾತ್ರೆಗೆ ಬೆಲೆ ಕಟ್ಟಿ ಲೆಕ್ಕ ಹಾಕಿದ ದೇಶ ಇಂಗ್ಲೆಂಡ್. ಅಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಉಚಿತವಾದ ಸರ್ಕಾರಿ ಆರೋಗ್ಯ ಸೇವೆ ಶುರುವಾಯಿತು. ಡಾಕ್ಟರು, ಔಷಧ ಎಲ್ಲ ಉಚಿತ. ಔಷಧದ ಖರ್ಚು ಎಣಿಸಿದ್ದಕ್ಕಿಂತ ಬಹಳ ಏರಿತು. 1952ರಲ್ಲಿ ಚೀಟಿಗೆ ಒಂದು ಶಿಲ್ಲಿಂಗ್ ಶುಲ್ಕ ಹಾಕಿದರು. 1965ರಲ್ಲಿ ತೆಗೆದರು, 1968ರಲ್ಲಿ ಮತ್ತೆ ಹಾಕಿದರು. ಆದರೂ ಮನೆಗಳಲ್ಲಿ ಮಾತ್ರೆ ಉಳಿಯುವುದು ನಿಲ್ಲಲಿಲ್ಲ.

ಯಾರ್ಕ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಔಷಧಶಾಸ್ತ್ರ ಕಾಲೇಜಿನವರು 2010ರಲ್ಲಿ ಒಂದು ವರದಿ ಕೊಟ್ಟರು. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 30 ಕೋಟಿ ಪೌಂಡ್ ಬೆಲೆಯ ಚೀಟಿ ಔಷಧ ಪೋಲಾಗುತ್ತಿದೆ ಎಂದು ಅದರ ಅಂದಾಜು. ಅದರಲ್ಲಿ ಸುಮಾರು 9 ಕೋಟಿಯದು ಮನೆಗಳಲ್ಲೇ ಬಿದ್ದಿರುತ್ತದೆ, 11 ಕೋಟಿಯದು ಔಷಧದ ಅಂಗಡಿಗೆ ವಾಪಸ್ ಬರುತ್ತದೆ, 5 ಕೋಟಿಯದನ್ನು ವೃದ್ಧರ ಆರೈಕೆ ಮನೆಗಳು ಎಸೆಯುತ್ತವೆ. ಹೀಗೆ ವಾಪಸ್ ಬಂದದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಯಾವ ಬಿಸಿಲಲ್ಲಿತ್ತೋ, ಯಾರ ಕೈಯಲ್ಲಿತ್ತೋ ಹೇಳಲಾಗದು. ಸುಟ್ಟು ಹಾಕಬೇಕು.

ಆ ವರದಿ ರೋಗಿಗಳನ್ನು ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಡಾಕ್ಟರು ಔಷಧ ಬದಲಿಸುತ್ತಾರೆ, ಹಳೇದು ಉಳಿಯುತ್ತದೆ. ಒಗ್ಗದೆ ಹೋಗುತ್ತದೆ. ರೋಗಿ ತೀರಿಹೋಗುತ್ತಾರೆ. ತಿಂಗಳಿಗೊಮ್ಮೆ ತಾನಾಗಿಯೇ ಬರುವ ಔಷಧ, ಬೇಕೋ ಬೇಡವೋ ಕೇಳದೆ ಬರುತ್ತಲೇ ಇರುತ್ತದೆ. ಎಲ್ಲ ಪೋಲನ್ನೂ ತಡೆಯಲಾಗದು, ತಡೆಯಬಹುದಾದದ್ದು ಅರ್ಧಕ್ಕಿಂತ ಕಡಿಮೆ ಎಂದೂ ಅದು ಒಪ್ಪಿಕೊಂಡಿತು.

ಮರುವರ್ಷ, 2011ರಲ್ಲಿ, ಅಲ್ಲಿ ಒಂದು ಸಣ್ಣ ಸೇವೆ ಶುರುವಾಯಿತು. ಬಿಪಿ, ಸಕ್ಕರೆ, ಉಬ್ಬಸದಂಥ ಕಾಯಿಲೆಗೆ ಹೊಸ ಔಷಧ ಶುರು ಮಾಡಿದವರನ್ನು ಔಷಧದ ಅಂಗಡಿಯ ಫಾರ್ಮಸಿಸ್ಟ್ ಮೊದಲ ಕೆಲವು ವಾರಗಳಲ್ಲೇ ಮಾತಾಡಿಸಿ ಕೇಳುತ್ತಾರೆ: ಒಗ್ಗಿತಾ? ತೆಗೆದುಕೊಳ್ಳುತ್ತಿದ್ದೀರಾ? ಏನಾದರೂ ಅನುಮಾನ ಇದೆಯಾ? ಇಷ್ಟೇ. 2021ರಲ್ಲಿ ಬಂದ ಇನ್ನೊಂದು ಸರ್ಕಾರಿ ವರದಿ, ಅಲ್ಲಿನ ಊರ ಡಾಕ್ಟರುಗಳ ಚೀಟಿಯಲ್ಲಿ ಕಡೇಪಕ್ಷ ಹತ್ತರಲ್ಲಿ ಒಂದು ಔಷಧ ಬೇಕಾಗಿಯೇ ಇರಲಿಲ್ಲ ಎಂದು ಹೇಳಿತು. ತುಮಕೂರಿನ ಕೆಮ್ಮಿನ ಬಾಟಲಿ ನೆನಪಾಗಲಿಲ್ಲವೇ?

ವಾಪಸ್ ಕೊಡುವ ಡಬ್ಬಿ

ನಮ್ಮ ಕಡೆ ಉಳಿದದ್ದನ್ನು ಏನು ಮಾಡುವುದು? ತಿಪ್ಪೆಗೆ ಎಸೆದರೆ ಮೇಕೆ, ನಾಯಿ ಮೂಸುತ್ತವೆ. ಮಕ್ಕಳ ಕೈಗೆ ಸಿಕ್ಕರೆ ಇನ್ನೂ ಕಷ್ಟ. ಒಲೆಗೆ ಹಾಕಿದರೆ ಪ್ಲಾಸ್ಟಿಕ್ಕಿನ ಜೊತೆ ಸುಟ್ಟು ಕೆಟ್ಟ ಹೊಗೆ. ಹಳ್ಳಕ್ಕೆ ಎಸೆದರೆ ನೀರಿಗೆ. ಪಕ್ಕದ ಕೇರಳದಲ್ಲಿ 2025ರಲ್ಲಿ ಕೋಳಿಕ್ಕೋಡಿನಲ್ಲಿ ಬಳಸದ ಔಷಧವನ್ನು ವಾಪಸ್ ಪಡೆಯುವ ಸರ್ಕಾರಿ ಯೋಜನೆ ಶುರುವಾಗಿದೆ. ಜನ ಡಬ್ಬಿಗೆ ಹಾಕಬಹುದು, ಅದನ್ನು ಸರಿಯಾದ ಕಡೆ ಸುಡುತ್ತಾರೆ. ಅದೇ ವರ್ಷ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯೂ ಅವಧಿ ಮುಗಿದ, ಬಳಸದ ಔಷಧದ ವಿಲೇವಾರಿಗೆ ಮಾರ್ಗಸೂಚಿ ಹೊರಡಿಸಿತು. 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಗಳು ಅವಧಿ ಮುಗಿದ ಔಷಧವನ್ನು ಹಳದಿ ಚೀಲದ ತ್ಯಾಜ್ಯದ ಜೊತೆ ಕಳಿಸಬೇಕು. ಹಾಗಾಗಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೇಳಿ ನೋಡಿ. ಹತ್ತು ಜನ ಕೇಳಿದರೆ ಅಲ್ಲೂ ಒಂದು ಡಬ್ಬಿ ಇಡಬೇಕೆಂದು ಅನ್ನಿಸೀತು.

ಮತ್ತೆ ಮೊಳೆಯ ಹತ್ತಿರ

ಅಮ್ಮನ ಕವರಿನ ಕಥೆ ಮುಗಿಸುತ್ತೇನೆ. ಎಣಿಸಿದ ಮರುದಿನ ಅದನ್ನೆಲ್ಲ ಮತ್ತೆ ಅದೇ ಡಾಕ್ಟರ ಹತ್ತಿರ ಒಯ್ದೆ. ಅವರು ಹತ್ತು ನಿಮಿಷ ಕೊಟ್ಟರು. ಹೊರಗೆ ಜನ ಕಾಯುತ್ತಿದ್ದರೂ ಕೊಟ್ಟರು. ಬೇಕಾದ ಮೂರು ಶೀಟಿನ ಮೇಲೆ ಪೆನ್ನಿನಲ್ಲಿ ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದರು. ನನಗೆ ಹಳೇ ಬಾಟಲಿಯ ಕಾಗದದ ಕಚ್ಚು ನೆನಪಾಯಿತು. ಉಳಿದದ್ದನ್ನು ಅವರೇ ಇಟ್ಟುಕೊಂಡರು.

ಒಂದು ವಿಷಯಕ್ಕೆ ಮಾತ್ರ ಅವರ ದನಿ ಗಟ್ಟಿಯಾಯಿತು. ಕವರಿನಲ್ಲಿ ಅರ್ಧ ಉಳಿದ ಆಂಟಿಬಯಾಟಿಕ್ ಶೀಟಿತ್ತು. ಜ್ವರ ಬಿಟ್ಟಿತೆಂದು ಅಮ್ಮ ನಿಲ್ಲಿಸಿ, ಪಕ್ಕದ ಮನೆಯ ಹುಡುಗನಿಗೆ ಜ್ವರ ಬಂದಾಗ ಎರಡು ಮಾತ್ರೆ ಕೊಟ್ಟಿದ್ದಳಂತೆ. "ಇದನ್ನ ಯಾವತ್ತೂ ಮಾಡಬೇಡಿ ಅಮ್ಮ. ಎಷ್ಟು ದಿನ ಅಂತ ನಾನು ಹೇಳ್ತೀನೋ ಅಷ್ಟು ದಿನ ನೀವೇ ತಗೊಳಿ, ಬೇರೆಯವರಿಗೆ ಕೊಡಬೇಡಿ" ಎಂದರು. ಅಮ್ಮ ತಲೆಯಾಡಿಸಿದಳು. ಒಳ್ಳೆಯದು ಮಾಡಿದೆ ಅಂತಲೇ ಅಲ್ಲಿಯವರೆಗೆ ಅಂದುಕೊಂಡಿದ್ದಳು ಪಾಪ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇಷ್ಟು. ಡಾಕ್ಟರ ಹತ್ತಿರ ಹೋದಾಗಲೆಲ್ಲ ಚೀಟಿಯ ಜೊತೆ ಪೂರ್ತಿ ಕವರೂ ಹೋಗುತ್ತದೆ. ಹೊಸ ಔಷಧ ಬರೆದರೆ "ಹಳೇದರಲ್ಲಿ ಯಾವುದು ಬಿಡಬೇಕು?" ಎಂದು ಕೇಳಿಯೇ ಎದ್ದು ಬರುವುದು. ಮೊದಲ ಸಲದ ಔಷಧವಾದರೆ, ಡಾಕ್ಟರನ್ನು ಕೇಳಿ, ಹತ್ತು ದಿನಕ್ಕೆ ಮಾತ್ರ ತರುವುದು. ಒಗ್ಗಿದರೆ ತಿಂಗಳಿಗಾಗುವಷ್ಟು. ಶೀಟು ಕತ್ತರಿಸಿ ಕೊಟ್ಟರೆ ಅಂಗಡಿಯಲ್ಲೇ ಎಕ್ಸ್‌ಪೈರಿ ದಿನಾಂಕ ಬರೆಸಿಕೊಳ್ಳುವುದು. ಬಿಪಿ, ಸಕ್ಕರೆ ಮಾತ್ರೆಯನ್ನು ಉಳಿಸಲಿಕ್ಕಾಗಲಿ ಮುಗಿಸಲಿಕ್ಕಾಗಲಿ ನಮ್ಮಷ್ಟಕ್ಕೆ ನಾವೇ ಏರಿಸುವುದೂ ಇಲ್ಲ, ಬಿಡುವುದೂ ಇಲ್ಲ.

ಮದ್ರಾಸಿನಲ್ಲಿ, ತುಮಕೂರಿನಲ್ಲಿ, ಇಂಗ್ಲೆಂಡಿನಲ್ಲಿ ಎಣಿಸಿದವರು ಒಂದೇ ಮಾತಿಗೆ ಬಂದು ನಿಂತರು. ಉಳಿದ ಮಾತ್ರೆಯ ಹಿಂದೆ ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ ಇರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕೇಳಬೇಕಿದ್ದವನು ನಾನು. ಮೂರು ತಿಂಗಳು ತಡವಾಗಿ ಕೇಳಿದೆ. ಅಮ್ಮ ಕೊಟ್ಟಿಗೆಯಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳಲಿಲ್ಲ, ಅದು ನಮ್ಮ ಪುಣ್ಯ.

ಇವತ್ತು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಮನೆಯ ಕವರನ್ನೂ ಒಮ್ಮೆ ಚಾಪೆಯ ಮೇಲೆ ಸುರಿದು ನೋಡಿ. ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೈಯಬೇಡಿ. ಯಾವುದು ಯಾಕೆ ಉಳಿಯಿತು ಅಂತ ಕೇಳಿ, ಅಷ್ಟು ಸಾಕು.